ಎಡಭುಜ ತಗ್ಗಿದ ಮನುಷ್ಯ

ಕಂಪ್ಯೂಟರಿನ ಪರದೆಯಲ್ಲಿ ನಾನೇ ಮಾಡಿದ ಬೊಂಬೆಯೊಂದನ್ನು ನೋಡಿ ಲಾಯಿಲದ ಸದಾಶಿವಣ್ಣ ಕುರ್ಚಿಯಿಂದ ಎದ್ದು ನಿಂತರು. ಹಿರಿಯರು ಒಳಗೆ ಬಂದರೆ ಎದ್ದು ನಿಲ್ಲುತ್ತೇವಲ್ಲ, ಹಾಗೆ.

"ನಮ್ಮ ಅಣ್ಣನನ್ನು ನೀವು ಎಲ್ಲಿ ನೋಡಿದ್ದು?" ಎಂದು ಕೇಳಿದರು.

ನಾನು ನೋಡಿರಲಿಲ್ಲ. ಅವರಿಗೆ ಒಬ್ಬ ಅಣ್ಣ ಇದ್ದರೆಂಬುದೇ ನನಗೆ ಗೊತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಮೂಡುಬಿದಿರೆಯಲ್ಲಿ ಮನೆ, ಅಂಗಡಿಗಳ ಪ್ಲಾನ್ ಬರೆದು ಬದುಕುವವಳು ನಾನು. ಇಷ್ಟು ವರ್ಷ ಗೆರೆ ಎಂದರೆ ನೇರ ಗೆರೆ. ಈಗ ದುಬೈ ನೋಡಿ ಬಂದವರಿಗೆಲ್ಲ ಬಳುಕು ಬೇಕು. ಬೆಳ್ತಂಗಡಿಯಲ್ಲಿ ಹೋಟೆಲು ನಡೆಸುವ ಸದಾಶಿವಣ್ಣನಿಗೂ ಹೋಟೆಲಿನ ಎದುರಿಗೆ ಬಾಳೆ ಎಲೆ ಬಾಗಿದಂಥ ಮಾಡು, ಅಂದರೆ ಚಾವಣಿ, ಬೇಕಿತ್ತು. ಹಾಗಾಗಿ ಈ ಪ್ರಾಯದಲ್ಲಿ ಪುಸ್ತಕ ಇಟ್ಟುಕೊಂಡು ನರ್ಬ್ಸ್ ಕಲಿಯಲು ಕೂತೆ.

(ಕಾಯಿಲೆಯ ಹೆಸರಲ್ಲ. ಬಾಗಿದ, ನುಣುಪಾದ ಆಕಾರಗಳನ್ನು ಕಂಪ್ಯೂಟರಿನಲ್ಲಿ ಮಾಡುವ ಒಂದು ವಿಧಾನ.)

ಇದರಲ್ಲಿ ಒಂದು ವಿಚಿತ್ರ ಉಂಟು. ಆಕಾರವನ್ನು ನೀವು ನೇರವಾಗಿ ಮುಟ್ಟುವಂತಿಲ್ಲ. ಅದರ ಸುತ್ತ ಗಾಳಿಯಲ್ಲಿ ತೇಲುವ ಬಿಂದುಗಳಿರುತ್ತವೆ. ಬಿಂದುವನ್ನು ಎಳೆದರೆ ಆಕಾರ ಅತ್ತ ವಾಲುತ್ತದೆ, ಆದರೆ ಬಿಂದುವಿನವರೆಗೆ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಬಿಂದುಗಳನ್ನು ಮರೆಮಾಡಬಹುದು. ಆಮೇಲೆ ಎಳೆದವರು ಕಾಣುವುದಿಲ್ಲ. ಎಳೆತ ಮಾತ್ರ ಉಳಿಯುತ್ತದೆ.

ಮೊದಮೊದಲು ನನ್ನ ಮಾಡು ಅರ್ಧ ಮಗುಚಿದ ದೋಸೆಯಂತಿತ್ತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತಿತ್ತು. ಅಂತೂ ಬಾಳೆ ಎಲೆ ಬಂತು. ಎತ್ತರದ ಅಂದಾಜು ಸಿಗಲೆಂದು ಅದೇ ವಿಧಾನದಲ್ಲಿ ಒಂದು ಮನುಷ್ಯಾಕೃತಿ ಮಾಡಿ ಬಾಗಿಲ ಬಲಕ್ಕೆ ನಿಲ್ಲಿಸಿದೆ. ಕಣ್ಣು ಮೂಗು ಇಲ್ಲ. ಎಡಭುಜ ಮಾತ್ರ ತುಸು ತಗ್ಗಿತ್ತು. ಎಲ್ಲೋ ಕೈ ತಪ್ಪಿರಬೇಕು ಅಂದುಕೊಂಡೆ. ನೋಡುವವರು ನೋಡುವುದು ಮಾಡನ್ನು ತಾನೆ?

ಸದಾಶಿವಣ್ಣ ಮಾಡನ್ನು ನೋಡಲೇ ಇಲ್ಲ.

ನಿಂತಲ್ಲೇ ಹೇಳಿದರು. ಹೋಟೆಲು ಶುರುಮಾಡಿದ್ದು ಅಣ್ಣನಂತೆ. ತೀರಿಕೊಂಡು ಎರಡು ಮಳೆಗಾಲ ಕಳೆಯಿತಂತೆ. ಚಿಕ್ಕಂದಿನಲ್ಲಿ ಗೇರುಮರದಿಂದ ಬಿದ್ದು ಎಡಭುಜ ಮುರಿದು, ಕೂಡಿದ ಮೇಲೂ ತಗ್ಗಿಯೇ ಉಳಿಯಿತಂತೆ. ಗಿರಾಕಿಗಳನ್ನು ಕರೆಯಲು ಬಾಗಿಲ ಬಲಕ್ಕೆ, ಇದೇ ಜಾಗದಲ್ಲಿ ನಿಲ್ಲುತ್ತಿದ್ದರಂತೆ.

ಬೆಳಗಿನ ಹನ್ನೊಂದು ಗಂಟೆ. ಹೊರಗೆ ಬಿಸಿಲು, ಬೆಳ್ತಂಗಡಿ ಬಸ್ಸಿನ ಹಾರ್ನು. ಆದರೂ ನಾನು ಎದ್ದು ಫ್ಯಾನ್ ಆರಿಸಿದೆ.

ಅದು ನನ್ನ ತಪ್ಪು, ಈಗಲೇ ಸರಿಮಾಡುತ್ತೇನೆ ಎಂದೆ. ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ಎರಡು ಬಿಂದುಗಳನ್ನು ಮೇಲಕ್ಕೆಳೆದೆ. ಭುಜ ನೇರವಾಯಿತು. ಸೇವ್ ಮಾಡಿ ಫೈಲ್ ಮುಚ್ಚಿದೆ.

ಚಹಾ ತರಿಸಿದೆ. ಅವರು ಮುಟ್ಟಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು.

"ಮೊದಲಿನ ಹಾಗೆ ಮಾಡ್ಲಿಕ್ಕೆ ಆಗ್ತದಾ ಮೇಡಂ?"

ಫೈಲ್ ಮತ್ತೆ ತೆರೆದೆ. ಎರಡೇ ಬಿಂದುಗಳಲ್ಲವೇ, ಕೆಳಕ್ಕೆ ಎಳೆದರಾಯಿತು. ಎಳೆದೆ. ಭುಜ ತಗ್ಗಿತು. ಆದರೆ ಅಲ್ಲಿ ನಿಂತಿದ್ದದ್ದು ಬೇರೆ ಯಾರೋ.

"ಇವರಲ್ಲ" ಎಂದರು.

ಇನ್ನೊಂದು ಚೂರು ಎಳೆದೆ. ಇವರೂ ಅಲ್ಲ. ಬಿಟ್ಟೆ, ತಿರುಗಿಸಿದೆ, ಮತ್ತೆ ಎಳೆದೆ. ಒಬ್ಬ ಗೂನ. ಒಬ್ಬ ಕುಡುಕ. ಒಬ್ಬ ಏನನ್ನೋ ಕದ್ದು ಕೇಳಿಸಿಕೊಳ್ಳುತ್ತಿರುವವನು. ಮುಖವಿಲ್ಲದ ಅಪರಿಚಿತರು ಒಬ್ಬೊಬ್ಬರಾಗಿ ಬಂದು ಆ ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ಕರೆಯುತ್ತಿದ್ದವಳು ನಾನು.

"ಸಾಕು" ಎಂದರು ಸದಾಶಿವಣ್ಣ. "ಅಣ್ಣನನ್ನು ಎರಡು ಸಲ ಕಳಿಸಿದ ಹಾಗಾಯ್ತು."

ಹೊರಟುಹೋದರು. ಮಾಡಿನ ಬಗ್ಗೆ ಒಂದು ಮಾತೂ ಇಲ್ಲ.

ನಮ್ಮವರನ್ನು ದೂರದಿಂದ ನಾವು ಗುರುತಿಸುವುದು ಹೇಗೆ? ಮೂಗಿನಿಂದಲ್ಲ, ಬಣ್ಣದಿಂದಲ್ಲ. ಒಂದು ಓರೆಯಿಂದ, ಒಂದು ಕುಂಟಿನಿಂದ. ಎಲ್ಲಾ ಸರಿಯಿರುವವರು ದೂರಕ್ಕೆ ಒಬ್ಬರಂತೆಯೇ ಕಾಣುತ್ತಾರೆ. ಆ ಓರೆಯನ್ನೇ ನಾನು ತಿದ್ದಿ ಕೂತಿದ್ದೆ.

ಸೇವ್ ಮಾಡಿದಾಗ ಸಾಫ್ಟ್‌ವೇರ್ ಹಿಂದಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಎತ್ತಿಡುತ್ತದೆ ಎಂದು ನನಗೆ ತಿಳಿದದ್ದು ಮೊನ್ನೆ. (ಹೊಸಬರ ಪಾಡೇ ಇಷ್ಟು.) ಹುಡುಕಿ ತೆರೆದೆ. ಇದ್ದರು. ಬಾಗಿಲ ಬಲಕ್ಕೆ, ಎಡಭುಜ ತಗ್ಗಿಸಿಕೊಂಡು.

ಸದಾಶಿವಣ್ಣನಿಗೆ ಫೋನ್ ಮಾಡಿ ಹಳೆಯ ಪ್ರತಿ ಸಿಕ್ಕಿತು ಎಂದೆ. ಆಚೆ ಹೋಟೆಲಿನ ಲೋಟಗಳ ಸದ್ದು.

"ಉಂಟಾ?" ಎಂದು ಕೇಳಿದರು. ಉಂಟು ಎಂದೆ.

"ಇರಲಿ. ಅಳಿಸ್ಬೇಡಿ. ನನಗೆ ತೋರಿಸುವುದೂ ಬೇಡ." ಆಮೇಲೆ ಮಾಡಿನ ಕೆಲಸ ಶುರುಮಾಡುವ ಎಂದರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಎಲ್ಲಿ ಕೈ ತಪ್ಪಿದ್ದೆ ಎಂದು ನೋಡುವ ಚಪಲ. ಹಳೆಯ ಪ್ರತಿಯಲ್ಲಿ ಮರೆಮಾಡಿದ್ದ ಬಿಂದುಗಳನ್ನು ಕಾಣಿಸಿದೆ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಒಂದೂ ಕದಲಿರಲಿಲ್ಲ. ನಾನು ಏನನ್ನೂ ತಪ್ಪಾಗಿ ಎಳೆದೇ ಇರಲಿಲ್ಲ.

ಪುಸ್ತಕ ತಿರುವಿದೆ. ಮುಂದಿನ ಪಾಠದಲ್ಲಿತ್ತು: ಪ್ರತಿ ಬಿಂದುವಿಗೂ ಒಂದು ತೂಕವಿರುತ್ತದೆ, ತೂಕ ಏರಿಸಿದರೆ ಬಿಂದು ಕದಲದೆಯೂ ಆಕಾರವನ್ನು ತನ್ನತ್ತ ಸೆಳೆಯುತ್ತದೆ. ತೂಕ ನೋಡಿದೆ. ಎಲ್ಲಕ್ಕೂ ಒಂದು. ಎಡಭುಜದ ಕೆಳಗಿನ ಒಂದೇ ಒಂದು ಬಿಂದುವಿಗೆ ನಾಲ್ಕು.

ನಾನು ಆ ಪಾಠಕ್ಕೆ ಇನ್ನೂ ಬಂದೇ ಇರಲಿಲ್ಲ. ಆ ಕಂಪ್ಯೂಟರನ್ನು ಬೇರೆ ಯಾರೂ ಮುಟ್ಟುವುದೂ ಇಲ್ಲ.

ಹಾಗಾದರೆ ಅಲ್ಲಿ ತೂಕ ಇಟ್ಟವರು ಯಾರು?