ಪಾವಣೇರು ನಡೆಸಿದ ಸಭೆ

ಗೋಕಾಕದಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ ಹೆಸರಿನದಲ್ಲ, ಊರಿನದೂ ಅಲ್ಲ. ಖಾನಾವಳಿಯ ಗಂಗವ್ವ ತಟ್ಟೆಯ ಮುಂದೆ ನಿಂತು, "ಎಷ್ಟ ರೊಟ್ಟಿ ಹಾಕ್ಲಿರಿ?" ಎಂದರು. ಎರಡು ಎಂದೆ.

"ಅದು ಕೂಸಿಗಾತ್ರಿ. ನಿಮಗೆಷ್ಟ?"

ನಮ್ಮ ಮೈಸೂರಿನಲ್ಲಿ ಬಡಿಸುವ ಮೊದಲೇ ಸಾಕು ಎನ್ನುವುದು ಸಂಸ್ಕಾರ. ಇಲ್ಲಿ ಸಾಕು ಎಂದರೆ ಅಡುಗೆಗೆ ಕೆಟ್ಟ ಹೆಸರು. ನಾಲ್ಕು ರೊಟ್ಟಿ, ಜೊತೆಗೆ ಕೆಂಪು ಚಟ್ನಿ. ಕಣ್ಣಲ್ಲಿ ನೀರು ಇಳಿಯುತ್ತಿರುವಾಗಲೇ "ಹ್ಯಾಂಗೈತ್ರಿ?" ಎಂದರು. ಚೆನ್ನಾಗಿದೆ ಎಂದೆ. ಪರವೂರಿನಲ್ಲಿ ನನ್ನ ಬಾಳಿಗೆ ಹೀಗೊಂದು ಸುಳ್ಳಿನಿಂದ ಶುಭಾರಂಭವಾಯಿತು.

ನಾನು ಹೋದದ್ದು ಹುಕ್ಕೇರಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ತೂಕದ ಕಂಪ್ಯೂಟರ್ ಪ್ರೋಗ್ರಾಂ ಮಾಡಿಕೊಡುವ ಕಚೇರಿಯೊಂದರ ಮುಖ್ಯಸ್ಥನಾಗಿ. ಎಲ್ಲರ ಕಿಸೆಗೂ ಇನ್ನೂ ಮೊಬೈಲು ಇಳಿಯದಿದ್ದ ಕಾಲ. ನನ್ನ ಸಾಮ್ರಾಜ್ಯ ಬಾಡಿಗೆಯ ಒಂದು ಕೋಣೆ, ಪ್ರಜೆಗಳು ಇಬ್ಬರು. ಹತ್ತರಗಿಯ ಶ್ರೀಪಾಲ ಕಾಕಾ ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿ ಬಂದ ಜೈನರು. ತುಕ್ಕಾನಟ್ಟಿಯ ಮಹಾದೇವಿ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ಪ್ರೋಗ್ರಾಂ ಬರೆಯುತ್ತಿದ್ದವಳು ಅವಳೊಬ್ಬಳೇ. ಅವಳು ಬರೆದದ್ದರ ಬಗ್ಗೆ ಗಂಭೀರವಾಗಿರುವುದು ನಮ್ಮಿಬ್ಬರ ಕೆಲಸ. ಊರು ಬಿಡದೆ ಆ ವಿದ್ಯೆ ನಡೆಸಲು ಅವಳಿಗೆ ಇದ್ದ ಜಾಗ ಅದೊಂದೇ. ಅವಳಿಲ್ಲದೆ ನಮ್ಮ ಕೋಣೆಗೂ ಅರ್ಥವಿರಲಿಲ್ಲ.

ಪುಣೆಯ ಹೆಡ್ಡಾಫೀಸಿನಿಂದ ಆಜ್ಞೆ ಬಂತು. ಹದಿನೈದು ದಿನಕ್ಕೊಮ್ಮೆ, ಶುಕ್ರವಾರ ಸಂಜೆ ಎಲ್ಲರೂ ಕೂತು, ಏನು ಸರಿಹೋಯಿತು, ಏನು ತಪ್ಪಿತು, ಮುಂದೆ ಏನನ್ನು ಬದಲಿಸೋಣ ಎಂದು ಕೇಳಿಕೊಳ್ಳಬೇಕು. ಅದಕ್ಕೆ ರೆಟ್ರೋಸ್ಪೆಕ್ಟಿವ್ ಎಂದು ಹೆಸರು. "ಬೂದಿ ಕೆದರೂ ಸಭಾ" ಎಂದರು ಕಾಕಾ.

"ಏನು ತಪ್ಪಿತಮ್ಮ?" ಎಂದು ಮೊದಲ ಸಭೆಯಲ್ಲಿ ಕೇಳಿದೆ.

"ಏನಿಲ್ರಿ ಸರ್, ಎಲ್ಲಾ ಚಲೋ ಐತಿ" ಎಂದಳು ಮಹಾದೇವಿ.

"ಕಾಕಾ, ನೀವು?"

"ಆಕಿ ಹೇಳಿದ ಮ್ಯಾಲ ಮುಗೀತಲ್ರಿ."

ಮರುಸಲವೂ ಅದೇ. ನಮ್ಮ ಕಡೆ ಮೂವರು ಸೇರಿದಲ್ಲಿ ನಾಲ್ಕು ದೂರು ಹುಟ್ಟುತ್ತವೆ. ಇಲ್ಲಿ ಒಂದೂ ಇಲ್ಲ. ದೋಷ ಸಭೆಯ ರುಚಿಯದೇ ಇರಬೇಕೆಂದು ತೀರ್ಮಾನಿಸಿ ಒಗ್ಗರಣೆಗೆ ಇಳಿದೆ. ಒಂದು ಸಲ ತಪ್ಪುಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಗಡಿಗೆಗೆ ಹಾಕಿಸಿದೆ. ಒಂದು ಚೀಟಿ ಖಾಲಿ, ಇನ್ನೊಂದರಲ್ಲಿ 'ಚಹಾಕ್ಕ ಸಕ್ಕರಿ ಕಮ್ಮಿ.' ಒಂದು ಸಲ ಕರದಂಟು ಹಂಚಿದೆ. ಒಂದು ಸಲ ಧುಪದಾಳದ ಅಣೆಕಟ್ಟಿನ ಹತ್ತಿರ ಕೂರಿಸಿ, ಕಳೆದ ಹದಿನೈದು ದಿನಗಳನ್ನು ಹವಾಮಾನದಂತೆ ವರ್ಣಿಸಿ ಎಂದೆ.

"ಮಾಡ ಆಗೇತ್ರಿ" ಎಂದರು ಕಾಕಾ ಮೋಡವನ್ನು ಉದ್ದೇಶಿಸಿ, "ಆದ್ರ ಮಳಿ ನಿಮ್ಮ ಮ್ಯಾಲ ಬೀಳೂದಿಲ್ಲ ಬಿಡ್ರಿ."

ಎಲ್ಲರೂ ನಕ್ಕೆವು. ಅರ್ಧ ಗಂಟೆಯ ಸಭೆ ಎರಡು ಗಂಟೆಗೆ ಬೆಳೆಯಿತು. ಮಹಾದೇವಿ ಆಗಾಗ ಗಡಿಯಾರ ನೋಡುವಳು. ಬೇಸರ ಬಂತೆಂದು ತಿಳಿದು ಇನ್ನೊಂದು ಆಟ ಸೇರಿಸುತ್ತಿದ್ದೆ.

ಮಳೆಗಾಲದ ಒಂದು ಸೋಮವಾರ ಅವಳು ಬಂದು, "ಮೂಡಲಗಿ ಸಾಲ್ಯಾಗ ಕಂಪ್ಯೂಟರ್ ಕಲಸಾಕ ಕರದಾರ್ರಿ ಸರ್. ಹೊಕ್ಕೇನ್ರಿ" ಎಂದಳು. ಅಲ್ಲಿ ಮಕ್ಕಳಿಗೆ ಟೈಪು ಹೊಡೆಯುವುದನ್ನು ಹೇಳಿಕೊಡುವುದಷ್ಟೇ ಕೆಲಸ.

"ಇಲ್ಲೇನಾದರೂ ತೊಂದರೆಯಾಯಿತೇನಮ್ಮ?"

"ಇಲ್ರಿ. ಎಲ್ಲಾ ಚಲೋ ಐತಿ."

ಮೇಜಿನ ಮೇಲಿದ್ದ ತನ್ನ ಊಟದ ಡಬ್ಬಿ ಎತ್ತಿಕೊಂಡು ಹೋದಳು.

ಜೈನರಲ್ಲಿ ಭಾದ್ರಪದದ ಪರ್ವ ಮುಗಿದ ಮೇಲೆ ಕ್ಷಮಾವಣಿ ಎಂಬ ದಿನವಿದೆ. ಅಂದು ಕಂಡವರಿಗೆಲ್ಲ ಕೈಮುಗಿದು, ವರ್ಷದಲ್ಲಿ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಕಾಕಾ ಬಂದು "ಉತ್ತಮ ಕ್ಷಮಾ" ಎಂದರು. ನಾನೂ ಎದ್ದು ಕೈಮುಗಿದೆ. ಆದರೆ ಅವರು ಹೋಗಲಿಲ್ಲ.

"ಖರೇನ ಒಂದ ತಪ್ಪೈತ್ರಿ. ನಿಮ್ಮ ಶುಕ್ರವಾರದ ಸಭಾದಿಂದ ಮಹಾದೇವಿಗೆ ಊರ ಬಸ್ ತಪ್ಪತಿತ್ತು. ಬ್ಯಾರೆ ಬಸ್ಸಿಗೆ ಬಂದು ಕ್ರಾಸಿಗೆ ಇಳದು, ಕಬ್ಬಿನ ಹೊಲದ ನಡುವ ಒಬ್ಬಾಕಿನ ಕತ್ತಲ್ಯಾಗ ನಡಕೊಂಡ ಹೋಗತಿದ್ಲು. ಮನ್ಯಾಗ ನೌಕರಿ ಬ್ಯಾಡಂದ್ರು. ನನಗ ಗೊತ್ತಿತ್ತು."

"ಒಂದು ಮಾತು ಹೇಳಬಾರದಿತ್ತೇ ಕಾಕಾ? ತಪ್ಪು ಹೇಳಿ ಅಂತಲೇ ಅಲ್ಲವೇ ನಾನು ಗೋಗರೆಯುತ್ತಿದ್ದದ್ದು?"

"ನೀವು ಪಾವಣೇರ್ರಿ. ಕರದಂಟ ತಂದು ಅಷ್ಟ ಹೌಸಿಲೆ, ಉಮೇದಿಲೆ ಮಾಡತಿದ್ರಿ. ಹ್ಯಾಂಗ ಅನ್ನೂದು?"

ಪಾವಣೇರು ಎಂದರೆ ಮನೆಗೆ ಬಂದ ನೆಂಟರು. "ಎರಡು ವರ್ಷ ಯಾರಾದರೂ ಪಾವಣೇರಾಗಿರುತ್ತಾರಾ?"

"ಉಣ್ಣಾಕ ಹಾಕೂ ತನಕಾ ಇರತಾರ್ರಿ."

ಗಂಗವ್ವನ ಖಾನಾವಳಿಯಲ್ಲಿ ತಟ್ಟೆ ಬಡಿದವನಿಗೂ ತಡವಾಗಿ ಬಂದವನಿಗೂ ಬೈಗುಳ ಬೀಳುತ್ತಿತ್ತು. ನನಗೆ ಮಾತ್ರ ತುಪ್ಪ. ಬೈಸಿಕೊಂಡವರನ್ನು ಕಂಡು ಹೊಟ್ಟೆಕಿಚ್ಚುಪಡುವುದನ್ನು ಅಂದಿನಿಂದ ಕಲಿತೆ.

ಆಮೇಲೆ ಪ್ರೋಗ್ರಾಂ ಪುಣೆಯಲ್ಲೇ ತಯಾರಾಗಿ ಬರತೊಡಗಿತು. ನಾವಿಬ್ಬರು ಅದನ್ನು ಕಾರ್ಖಾನೆಗಳಿಗೆ ಒಯ್ದು ಕೂರಿಸುತ್ತಿದ್ದೆವು. ಸಭೆಯನ್ನು ಮುಂಜಾನೆಗೆ ಬದಲಿಸಿದೆ. ತಪ್ಪಿಹೋಗುವಂಥ ಬಸ್ಸು ಈಗ ಯಾರಿಗೂ ಇರಲಿಲ್ಲ.

ದಸರೆಗೆ ಮೈಸೂರಿಗೆ ಬಂದಾಗ ತಂಗಿ, "ಅಲ್ಲಿ ಹೇಗಿದೆಯೋ ಅಣ್ಣ?" ಎಂದಳು.

"ಎಲ್ಲಾ ಚಲೋ ಐತಿ" ಎಂದುಬಿಟ್ಟೆ.

ಅವಳು ನಕ್ಕು, ಹೊರಗಿನವರು ಬಂದಾಗ ತೆಗೆಯುವ ಹೊಸ ತಟ್ಟೆಯನ್ನು ನನ್ನ ಮುಂದಿಟ್ಟಳು. "ಸಂಕೋಚ ಮಾಡ್ಕೋಬೇಡ, ಹಾಕಿಸ್ಕೊಂಡು ತಿನ್ನು. ಸಾರು ಹೇಗಿದೆ?"

ಉಪ್ಪು ಕಡಿಮೆಯಿತ್ತು. ಚೆನ್ನಾಗಿದೆ ಎಂದೆ.