ಮಾಸ್ತಿಕಲ್ಲಿನ ಮುಖ

ಹಂಪಾಪುರದ ಹೊಲವೊಂದರ ಬದುವಿನಲ್ಲಿ, ಗಂಡನ ಚಿತೆಯಲ್ಲಿ ಬೆಂದ ಹೆಣ್ಣೊಬ್ಬಳ ಮಾಸ್ತಿಕಲ್ಲಿದೆ. ಅದನ್ನು ಪೂಜಿಸುವ ಮನೆಯವರು, ಗಂಡ ತೀರಿಕೊಂಡ ತಮ್ಮ ಸೊಸೆ ಅದಕ್ಕೆ ಅರಿಶಿನ ಹಚ್ಚಬಾರದೆಂದು ತಡೆದಿದ್ದರು. ಅವಳನ್ನು ಸುಟ್ಟದ್ದೂ ಇವಳನ್ನು ದೂರವಿಟ್ಟದ್ದೂ ಅನ್ಯಾಯವೇ.

ಕಲ್ಲಿನ ಫೋಟೊ ಕೊಟ್ಟು, ಅವಳ ಕತೆಯನ್ನು ಚಿತ್ರವಾಗಿಸಲು ಎಐಗೆ ಹೇಳಿದೆ. ನಗುತ್ತಾ ಬೆಂಕಿಗೆ ನಡೆಯುವ ಮದುಮಗಳು ಮೂಡಿದಳು. ‘ಅವಳಿಗೆ ಭಯವಾಗಿದೆ’ ಎಂದು ಬರೆದ ಮೇಲಷ್ಟೇ ಆ ಮುಖ ಬದಲಾಯಿತು. ಆ ಚಿತ್ರವನ್ನು ಆ ಮನೆಯ ಅತ್ತೆ ಸೊಸೆಯರಿಗೆ ತೋರಿಸಿದೆ.

“ನಾವು ಪೂಜ್ಸೋ ಅವ್ವ ಇಂಗೆ ಎದ್ರಾಕಿಲ್ಲ ಕಣವ್ವ, ತೆಗ್ದಾಕ್ಬುಡು,” ಎಂದರು ಅತ್ತೆ.

“ಒಲೆ ಕಿಡಿ ಸಿಡಿದ್ರೇ ಊರಿಗೆಲ್ಲ ಕೇಳೋ ಅಂಗೆ ಕಿರಚ್ತೀರಿ. ಅವ್ಳಿಗೆ ಎದ್ರಿಕೆ ಆಗಾಕಿಲ್ವಾ ಅತ್ತೆ?” ಎಂದಳು ಸೊಸೆ.

ಮರುದಿನ ಸೊಸೆ ಯಾರನ್ನೂ ಕೇಳದೆ ಹೊಲಕ್ಕೆ ಹೋಗಿ ಕಲ್ಲಿಗೆ ಅರಿಶಿನ ಹಚ್ಚಿದಳು. ಅತ್ತೆ ತಡೆಯಲಿಲ್ಲ, ಜೊತೆಗೂ ಹೋಗಲಿಲ್ಲ.