ಅಟ್ಟಕ್ಕೆ ಹಾಕಿದ ಗ್ಲೌಸು

ಮುದ್ದಮ್ಮನಿಗೆ ಯುಗಾದಿಯಿಂದೀಚೆಗೆ ಸಂಬಳ ಬಂದಿಲ್ಲ. ಅರಸೀಕೆರೆಯ ಹಳೇ ಕೊಬ್ಬರಿ ಗೋದಾಮಿನಲ್ಲಿ ಬಾಕ್ಸಿಂಗ್ ಕಲಿಸುವ ಕ್ರೀಡಾ ಸಮಿತಿ ಅದನ್ನು ಕೊಡಬೇಕು. ಕೇಳಿದಾಗಲೆಲ್ಲ ಸಮಿತಿಯ ಅಧ್ಯಕ್ಷ ದೇವೀರಪ್ಪ, "ಗ್ರ್ಯಾಂಟು ಬರ್ಲಿ ಕಣಮ್ಮ" ಅನ್ನುತ್ತಾರೆ. ಗ್ರ್ಯಾಂಟು ಬರುವವರೆಗೆ ಹುಡುಗರ ಬೆವರು ಕಾಯುವುದಿಲ್ಲವಲ್ಲ. ಮುದ್ದಮ್ಮ ಬರುತ್ತಾಳೆ, ಗುಡಿಸುತ್ತಾಳೆ, ಒರೆಸುತ್ತಾಳೆ, ಹೋಗುತ್ತಾಳೆ.

ಆ ಗೋದಾಮು ದೇವೀರಪ್ಪನವರದೇ. ಅದರ ನೆಲ ಅವಳಿಗೆ ಹೊಸದಲ್ಲ. ಮದುವೆಯಾಗಿ ಬಂದ ವರ್ಷದಿಂದ ಅಲ್ಲೇ ಕೂತು ಕೊಬ್ಬರಿ ಸುಲಿದವಳು. ವ್ಯಾಪಾರ ಬೇರೆ ಕಡೆಗೆ ಹೋಯಿತು, ಗೋದಾಮು ಖಾಲಿ ಬಿತ್ತು, ಅವಳ ಮಂಡಿ ಹಿಡಿದುಕೊಂಡಿತು. ಕೊಬ್ಬರಿ ಇದ್ದ ಜಾಗಕ್ಕೆ ಗುದ್ದುವ ಚೀಲ ಬಂದು ನೇತಾಡಿದಾಗ, "ಬಾಗಿಲು ತೆಗೆದು ಹಾಕೋಕೆ ಯಾರಾದರೂ ಬೇಕಲ್ಲ" ಎಂದು ದೇವೀರಪ್ಪನವರು ಅವಳನ್ನೇ ಇಟ್ಟುಕೊಂಡರು. ಬಾಗಿಲು ಅಂತ ಶುರುವಾದದ್ದು ಕಸ, ಕಕ್ಕಸು, ನೀರು, ಕೊನೆಗೆ ಗ್ಲೌಸಿನವರೆಗೂ ಬಂತು.

ಗ್ಲೌಸು ಇದ್ದದ್ದು ನಾಲ್ಕೇ ಜೊತೆ. ಒಬ್ಬ ಬಿಚ್ಚಿದ್ದಕ್ಕೆ ಇನ್ನೊಬ್ಬ ಕೈ ತೂರಿಸಬೇಕು. ಬಿಸಿ ಆರುವ ಮುಂಚೆಯೇ ಮೂರನೆಯವನು ಕಾಯುತ್ತಿರುತ್ತಾನೆ. ಕೈಗೆ ಸುತ್ತಿಕೊಳ್ಳುವ ಬಟ್ಟೆಪಟ್ಟಿಯೂ ಹಂಚಿಕೊಂಡದ್ದೇ. ನಲ್ಲಿಯಲ್ಲಿ ನೀರು ಬಂದ ದಿನ ಪಟ್ಟಿ ಒಗೆಯುವುದು, ಬಾರದ ದಿನ ಬರೀ ಕೊಡವುವುದು.

ಕಲಿಸುವ ಶಶಿಧರ್ ಕೆಟ್ಟ ಹುಡುಗನಲ್ಲ. ಬೆಳಿಗ್ಗೆ ಒಂದು ಶಾಲೆಯಲ್ಲಿ ದಿನಗೂಲಿ ಲೆಕ್ಕದ ಪಿ.ಟಿ. ಮೇಷ್ಟ್ರು, ಸಂಜೆ ಇಲ್ಲಿ. ಮೊದಲ ವಾರವೇ ಅವಳಿಗೆ ಒಂದು ಮಾತು ಹೇಳಿದ್ದ.

"ಮುದ್ದಕ್ಕ, ಇವನ್ನ ನೀರಲ್ಲಿ ನೆನೆಸಬೇಡಿ. ಬಿಸಿಲಿಗೂ ಹಾಕಬೇಡಿ, ಚರ್ಮ ಬಿರಿದುಬಿಡುತ್ತೆ. ನೆರಳಲ್ಲೇ ಒಣಗಬೇಕು."

"ಅಷ್ಟು ಗೊತ್ತಿಲ್ವಾ ನಂಗೆ," ಅಂದಿದ್ದಳು ಮುದ್ದಮ್ಮ.

ಗೊತ್ತಿದ್ದದ್ದು ಕೊಬ್ಬರಿ. ಕಾಯನ್ನು ಬಿಸಿಲಿಗೆ ಬಿಟ್ಟರೆ ಬಿರಿಯುತ್ತದೆ. ಅಟ್ಟದ ಮೇಲೆ ಕತ್ತಲಲ್ಲಿ ರಾಶಿ ಹಾಕಿ ಮರೆತುಬಿಟ್ಟರೆ ಒಳಗಿನ ನೀರು ತಾನೇ ಇಂಗಿ, ಅಲ್ಲಾಡಿಸಿದರೆ ಒಣಗಿದ ತಿರುಳು, ಅಂದರೆ ಗಿಟುಕು, ಗಡಗಡ ಅನ್ನುತ್ತದೆ. ಈ ಸೀಮೆಯಲ್ಲಿ ನೆರಳಲ್ಲಿ ಒಣಗಿಸು ಅಂದರೆ ಅಟ್ಟಕ್ಕೆ ಹಾಕು ಅಂತಲೇ ಅರ್ಥ. ಹಾಗಾಗಿ ಅವಳು ದಿನವೂ ಸಂಜೆ ಬೆವರು ಕುಡಿದ ಗ್ಲೌಸುಗಳನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನೋಯುವ ಮಂಡಿಯಲ್ಲಿ ಏಣಿ ಹತ್ತಿ ಅಟ್ಟದ ಮೇಲಿಟ್ಟು ಬರುತ್ತಿದ್ದಳು. ಶಶಿಧರ್ ಬರುವಷ್ಟರಲ್ಲಿ ಇಳಿಸಿ ಸಾಲಾಗಿ ಜೋಡಿಸಿರುತ್ತಿದ್ದಳು. ಅವನು ಒಂದು ದಿನವೂ ಎಲ್ಲಿಟ್ಟಿದ್ದಿರಿ ಅಂತ ಕೇಳಲಿಲ್ಲ. ಮಳೆಗಾಲ ಹಿಡಿದ ಮೇಲೆ ಚೀಲ ಬಿಚ್ಚಿದರೆ ಸತ್ತ ಇಲಿಯ ವಾಸನೆ. ಹುಡುಗರು ಮೂಗು ಮುಚ್ಚಿಕೊಂಡು ನಗುತ್ತಿದ್ದರು, ಹಾಕಿಕೊಳ್ಳುತ್ತಿದ್ದರು.

ನಗದೆ ಇದ್ದವಳು ನಯನಾ. ಗಂಡಸಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ. ಅಪ್ಪ ಅಮ್ಮ ಕಂಡವರ ತೋಟದಲ್ಲಿ ಕೂಲಿ. ಹಾಸನದಲ್ಲಿ ಜಿಲ್ಲಾ ಆಯ್ಕೆಯಿತ್ತು. ಅಲ್ಲಿ ಗೆದ್ದರೆ ಊಟ, ವಸತಿ ಕೊಟ್ಟು ಓದಿಸುವ ಕ್ರೀಡಾ ಹಾಸ್ಟೆಲಿಗೆ ಸೀಟು. ಅವಳ ವಯಸ್ಸಿಗೆ ಅದೇ ಕಡೆಯ ಸಲ. ಸೀಟು ಸಿಗದಿದ್ದರೆ ಓದು ನಿಲ್ಲುತ್ತದೆ ಎಂದು ಮನೆಯಲ್ಲಿ ಮೊದಲೇ ಹೇಳಿಯಾಗಿತ್ತು.

ಆಯ್ಕೆಗೆ ಸ್ವಲ್ಪ ದಿನ ಇರುವಾಗ ಅವಳು ಮುಂಗೈ ತೋರಿಸಿದಳು. ಬಳೆಯಷ್ಟಗಲ ಕೆಂಪು ಸುತ್ತು, ಅಂಚಿನಲ್ಲಿ ಸಣ್ಣ ಗುಳ್ಳೆ.

"ಅಜ್ಜಿ, ಕೆರೀತೈತೆ. ಏನಿದು?"

"ಬೆವರುಸಾಲೆ ಕಣೇ. ಒಸಿ ಕೊಬ್ಬರಿ ಎಣ್ಣೆ ಹಚ್ಚಿ ಪಟ್ಟಿ ಸುತ್ಕೋ."

ಎಣ್ಣೆ ಹಚ್ಚಿದವಳೂ ಮುದ್ದಮ್ಮನೇ, ಪಟ್ಟಿ ಸುತ್ತಿದವಳೂ ಮುದ್ದಮ್ಮನೇ. ಪಟ್ಟಿಯ ಕೆಳಗೆ ಆ ಸುತ್ತು ಮೊಣಕೈವರೆಗೆ ಮರಿ ಹಾಕಿತು.

ಹಾಸನಕ್ಕೆ ಹುಡುಗಿಯ ಜೊತೆಗೆ ಹೆಂಗಸೊಬ್ಬರು ಬೇಕು ಅಂದದ್ದಕ್ಕೆ ಮುದ್ದಮ್ಮನೇ ಹೊರಟಳು. ಬಸ್ ಚಾರ್ಜು ಅವಳದೇ. ತೂಕ ನೋಡುವ ಕೋಣೆಯಲ್ಲಿ ಡಾಕ್ಟರು ಪಟ್ಟಿ ಬಿಚ್ಚಿಸಿದರು, ನೋಡಿದರು, ಮುಟ್ಟಲಿಲ್ಲ.

"ಹುಳುಕಡ್ಡಿ. ಇದು ಎದುರಿನ ಹುಡುಗಿಗೂ ಅಂಟುತ್ತೆ. ಆಡೋ ಹಾಗಿಲ್ಲಮ್ಮ."

"ಗ್ಲೌಸ್ ಹಾಕ್ಕೊತೀನಲ್ಲ ಸರ್," ಅಂದಳು ನಯನಾ.

"ಬಂದಿರೋದೇ ಅದರೊಳಗಿಂದ. ಒಣಗಿಸೋದು ಎಲ್ಲಿ?"

ಮುದ್ದಮ್ಮ ಹೇಳಿದಳು. ಚೀಲ, ಅಟ್ಟ, ಕತ್ತಲು, ಎಲ್ಲ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಗಾಳಿ ಬೇಕು ಕಣಮ್ಮ ಅದಕ್ಕೆ," ಅಂದು ಮುಲಾಮು ಬರೆದುಕೊಟ್ಟು ಮುಂದಿನವರನ್ನು ಕರೆದರು.

ಹೊರಗೆ ರಿಂಗಿನಲ್ಲಿ ಹಳೇಬೀಡಿನ ಸಿರಿ ಎಂಬ ಹುಡುಗಿ ಒಬ್ಬಳೇ ನಿಂತಿದ್ದಳು. ಎದುರಾಳಿ ಇಲ್ಲವೆಂದು ಅವಳ ಕೈ ಎತ್ತಿ ಗೆದ್ದಳು ಅಂದರು. ಆ ಮಗುವಿನ ಮುಖದಲ್ಲೂ ನಗು ಇರಲಿಲ್ಲ. ವಾಪಸು ಬರುವಾಗ ಅರಸೀಕೆರೆವರೆಗೆ ನಯನಾ ಕಿಟಕಿ ಕಡೆಗೇ ಮುಖ ಮಾಡಿಕೊಂಡಿದ್ದಳು. ಮುದ್ದಮ್ಮ ಕಡಲೆಕಾಯಿ ಪೊಟ್ಟಣ ಚಾಚಿದಳು. ಹುಡುಗಿ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನ ದೇವೀರಪ್ಪನವರು ಬಂದರು.

"ಕೊಬ್ಬರಿ ಸುಲಿಯೋಳ ಕೈಗೆ ಗ್ಲೌಸು ಕೊಟ್ಟಿದ್ದು ನಮ್ ತಪ್ಪು. ಕ್ಲೀನೇ ಮಾಡಿಲ್ಲ ಅಂದ್ಮೇಲೆ ಸಂಬಳ ಹೆಂಗ್ ಕೇಳ್ತೀಯ?"

ಮುದ್ದಮ್ಮ ಪೊರಕೆ ಗೋಡೆಗೆ ಆನಿಸಿದಳು. "ಅಟ್ಟಕ್ಕೆ ಹಾಕಿದ್ದು ನಾನೇ ಸಾವ್ಕಾರ್ರೆ. ತಪ್ಪು ನಂದೇ. ಆದ್ರೆ ನಾಕು ಜೊತೇಲಿ ಇಷ್ಟು ಮಕ್ಕಳ ಕೈ ತೂರ್ಸಿ ಅಂದೋರು ಯಾರು? ಫಿನಾಯಿಲ್ ಕೇಳ್ದೆ, ಇಲ್ಲ. ಫ್ಯಾನ್ ಕೇಳಿದ್ರು ಮೇಷ್ಟ್ರು, ಇಲ್ಲ. ಹೊರಗೆ ಸಮಿತಿ ಬೋರ್ಡು ಮಾತ್ರ ಲೈಟ್ ಹಾಕ್ಸಿ ಬರೆಸ್ದಿರಿ."

"ನಮ್ ಕಾಲದಾಗೆ ಗರಡಿ ಮಣ್ಣು ಮೆತ್ಕೊಂಡೇ ಮಲಗ್ತಿದ್ವಿ. ಯಾವ ರೋಗ ಬಂತು?"

"ಗರಡಿಗೆ ಕಿಟಕಿ ಇತ್ತಲ್ಲ, ಇಲ್ಲಿ ಎಲ್ಲೈತೆ?" ಅಂದಳು ಮುದ್ದಮ್ಮ. ಮೂಲೆಯಲ್ಲಿದ್ದ ಶಶಿಧರ್ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ. ದೇವೀರಪ್ಪನವರು ಮೊಬೈಲು ಕಿವಿಗಿಟ್ಟುಕೊಂಡು ಹೊರಟುಹೋದರು. ಅದು ರಿಂಗೇ ಆಗಿರಲಿಲ್ಲ.

ಈಗ ಗೋದಾಮಿನ ಈ ಗೋಡೆಯಿಂದ ಆ ಗೋಡೆಗೆ ತೆಂಗಿನ ನಾರಿನ ಹಗ್ಗ ಬಿಗಿದಿದೆ. ಶಶಿಧರ್ ಹೇಳಿಕೊಟ್ಟ ಹಾಗೆ ಮುದ್ದಮ್ಮ ಗ್ಲೌಸಿನ ಒಳಗೆ ವಿನಿಗರ್ ನೀರಿಗೆ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸುತ್ತಾಳೆ, ಹಳೇ ಪೇಪರು ತುರುಕಿ ತೇವ ಹೀರಿಸುತ್ತಾಳೆ, ಬಾಯಿ ಅಗಲಿಸಿ ಹಗ್ಗಕ್ಕೆ ನೇತುಹಾಕುತ್ತಾಳೆ. ಹಳೇ ಪಂಚೆ ಹರಿದು ಹುಡುಗರಿಗೆಲ್ಲ ಬೇರೆ ಬೇರೆ ಪಟ್ಟಿ ಮಾಡಿದ್ದಾಳೆ. ಅವರವರದು ಅವರವರೇ ಮನೆಗೆ ಒಯ್ದು ಒಗೆದು ತರಬೇಕು. ಉಗುರು ಬೆಳೆಸಿದವನನ್ನು, ಪಕ್ಕದವನ ಟವೆಲಿನಲ್ಲಿ ಮುಖ ಒರೆಸಿದವನನ್ನು ಬಾಗಿಲಲ್ಲೇ ನಿಲ್ಲಿಸುತ್ತಾಳೆ. "ಏನ್ಲಾ, ನಿಮ್ಮಪ್ಪನ್ ಟವೆಲ್ಲಾ ಅದು?" ವಿನಿಗರ್ ದುಡ್ಡು ಶಶಿಧರ್ ಜೇಬಿನದು. ಗ್ಲೌಸು ಈಗಲೂ ನಾಲ್ಕೇ ಜೊತೆ.

ನಯನಾಳ ಕೈ ವಾಸಿಯಾಯಿತು. ಒಂದು ಸಂಜೆ ಬಂದು ಮೆಟ್ಟಿಲ ಮೇಲೆ ಕೂತಳು.

"ನಾಳೆಯಿಂದ ನಾನೂ ತೋಟಕ್ಕೆ ಹೋಗ್ತೀನಿ ಅಜ್ಜಿ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಲ್ಲ."

ಮುದ್ದಮ್ಮ ಪಕ್ಕದಲ್ಲಿ ಕೂತು ಮಂಡಿ ನೀವಿಕೊಂಡಳು. ಗಂಡಸಿ ಬಸ್ಸಿನ ಹೊತ್ತಾದಾಗ ಹುಡುಗಿ ಎದ್ದು ಹೋದಳು.

ಓದಿ ಅಯ್ಯೋ ಪಾಪ ಅಂದು ಹಾಳೆ ಮಗುಚಬೇಡಿ. ನಿಮ್ಮ ಮಗು ಆಡಲು ಹೋಗುವ ಜಾಗಕ್ಕೆ ಇವತ್ತೇ ಹೋಗಿ. ಅಲ್ಲಿನ ಗ್ಲೌಸಿನೊಳಗೆ ನಿಮ್ಮ ಕೈ ತೂರಿಸಿ, ತೆಗೆದು ಮೂಸಿ ನೋಡಿ. ಆಮೇಲೆ ಅದನ್ನು ಒರೆಸುವವಳು ಯಾರು, ಅವಳಿಗೆ ನೀರು ಕೊಟ್ಟಿದ್ದೀರಾ, ಸಂಬಳ ಕೊಟ್ಟಿದ್ದೀರಾ ಎಂದು ಸಮಿತಿಯವರನ್ನು ನಿಲ್ಲಿಸಿ ಕೇಳಿ. ಉತ್ತರ ಬರುವವರೆಗೆ ಅಲ್ಲಿಂದ ಕದಲಬೇಡಿ.